ಮಾವನ ಫ್ಯಾಕ್ಟರಿಯ ಸರ್ಟಿಫಿಕೇಟು

ತಮ್ಮಾ,

ಪೊವ್ವಲಿನ ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಯುತ್ತಾ ಬಂತು, ಮುಂದೆ ಜರ್ಮನಿಯಲ್ಲಿ ಪ್ರೊಡಕ್ಷನ್ ಇಂಜಿನಿಯರಿಂಗ್ ಮಾಡಬೇಕು ಅಂತ ಬರೆದಿದ್ದೀ. ಖರ್ಚು, ಭಾಷೆ, ಊಟ ಎಲ್ಲ ಕೇಳಿ ಕೊನೆಗೆ ಒಂದು ಸಾಲು: "ಆರು ವಾರದ ವರ್ಕ್‌ಶಾಪ್ ಸರ್ಟಿಫಿಕೇಟ್ ಕೇಳ್ತಾರಣ್ಣ, ಮಾವನ ಪರಿಚಯದ ಫ್ಯಾಕ್ಟರಿಯಿಂದ ಕೆಲಸ ಮಾಡದೆ ಹಾಗೇ ಬರೆಸಿಕೊಂಡರೆ ಆಗದಾ?"

ಮೊದಲಿನದ್ದಕ್ಕೆಲ್ಲ ಬೇಗ ಹೇಳಿ ಮುಗಿಸುತ್ತೇನೆ. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ಒಂದು ವರ್ಷದ ಖರ್ಚು ಅಂತ 11,904 ಯೂರೋ ಇಡಬೇಕು, ತಿಂಗಳಿಗೆ 992 ಕೈಗೆ ಬರುತ್ತದೆ. ನಿನ್ನ ಮಾರ್ಕ್ಸ್‌ಕಾರ್ಡುಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಕಾಗದಕ್ಕೆ ಈಗಲೇ ಅರ್ಜಿ ಹಾಕು. ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಬಹುದು, ಆದರೆ ಅದನ್ನೇ ನಂಬಿ ಹೊರಡಬೇಡ. ಕುಚ್ಚಲಕ್ಕಿ ಏಷ್ಯನ್ ಅಂಗಡಿಯಲ್ಲಿ ಸಿಗುತ್ತದೆ. ಅಮ್ಮ ತುಪ್ಪ ಕಟ್ಟಿಕೊಡಲು ಬಂದರೆ ಬೇಡ ಅನ್ನು, ಹಾಲಿನ ಪದಾರ್ಥ ತರುವ ಹಾಗಿಲ್ಲ. ಮಾವಿನ ಮಿಡಿ ಉಪ್ಪಿನಕಾಯಿ ತಾ. ಎಷ್ಟು ತಂದರೂ ಸಾಲದು.

ಮನೆಯಲ್ಲಿ ಹವ್ಯಕ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ. ಇನ್ನೊಂದು ಭಾಷೆ ಏನು ಮಹಾ ಅಂತ ನಾನೂ ಬಂದವನೇ. ಕ್ಲಾಸು ಇಂಗ್ಲಿಷಿನಲ್ಲಿ ಇದ್ದೀತು, ವರ್ಕ್‌ಶಾಪಿನ ಮೈಸ್ಟರ್, ಅಂದರೆ ಕೆಲಸ ಕಲಿಸುವ ಮೇಸ್ತ್ರಿ, ಮಾತಾಡುವುದು ಜರ್ಮನ್ನೇ. ಜರ್ಮನ್ನಿನ ಮೂರನೇ ಹಂತ ಬಿ1 ಆದರೂ ಮುಗಿಸಿಕೊಂಡು ಬಾ. ಊರಿನ ಚಿಂತೆ ಬೇಡ. ಆಖೆನ್‌ನಲ್ಲಿ ಸಿಟಿ ಬಸ್ಸು ಹತ್ತಿ ಕೂತರೆ ನೆದರ್‌ಲ್ಯಾಂಡ್ಸ್ ಬಂದುಬಿಡುತ್ತದೆ. ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ದಾಟಿ ಅಭ್ಯಾಸ ಇರುವ ನಮಗೆ ಅದೇನು ಹೊಸದಲ್ಲ.

ಇನ್ನು ಸರ್ಟಿಫಿಕೇಟು. ನಾನೂ ಹಾಗೇ ಬರೆಸಿಕೊಂಡು ಬಂದವನು. ಸುಳ್ಳು ಕಾಗದ ಅಂತ ಗೊತ್ತಾದರೆ ಸೀಟು ಹೋಗುತ್ತದೆ, ಆ ಹೆದರಿಕೆ ನಿನಗೆ ಇರಲಿ. ನನಗೆ ಹಾಗೇನೂ ಆಗಲಿಲ್ಲ. ಆದದ್ದು ಬೇರೆ.

ನಮ್ಮ ಅಪ್ಪಚ್ಚಿಗೆ, ಅಂದರೆ ಚಿಕ್ಕಪ್ಪನಿಗೆ, ಬದಿಯಡ್ಕದ ಹತ್ತಿರ ಒಂದು ಲೇತ್ ಶೆಡ್ ಇತ್ತು, ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರದ್ದು. ಪಂಪ್‌ಸೆಟ್ಟಿನ ಶಾಫ್ಟ್, ಬುಶ್, ಮಳೆಗಾಲ ಹತ್ತಿರ ಬಂದರೆ ಅಡಿಕೆಗೆ ಮದ್ದು ಬಿಡುವ ಪಂಪುಗಳ ಸಾಲು. ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. "ರಜೆಯಲ್ಲಿ ಬಾ ಮಾಣಿ, ಚಕ್ ಹಿಡಿಯುವುದಾದರೂ ಕಲಿ" ಅಂತ ಎಷ್ಟು ಸಲ ಕರೆದಿದ್ದರೋ. ನಾನು ಇಂಜಿನಿಯರಿಂಗ್ ಓದುವವನು, ಎಣ್ಣೆಮಸಿ ಯಾಕೆ? ಚಾ ಕೊಟ್ಟು ಬರಲು ಹೋಗುತ್ತಿದ್ದೆ, ಅಷ್ಟೆ. ಅವರು ಒಂದು ಬೇರಿಂಗ್ ಹಿಡಿದು ಯಾರನ್ನೋ ಬೈಯುತ್ತಿದ್ದದ್ದು ಕಿವಿಗೆ ಬೀಳುತ್ತಿತ್ತು: "ಇದನ್ನು ಮಾಡಿದವನಿಗೆ ಕೂರಿಸಲು ಗೊತ್ತು, ಬಿಚ್ಚಲು ಗೊತ್ತಿಲ್ಲ."

2009ರ ಅಕ್ಟೋಬರಿನಲ್ಲಿ ಇಲ್ಲಿಗೆ ಬಂದೆ. ಮೊದಲ ತಿಂಗಳೇ ಲೇತಿನ ಚಕ್‌ನಲ್ಲಿ, ಅಂದರೆ ತುಂಡನ್ನು ಕಚ್ಚಿ ಹಿಡಿದು ತಿರುಗುವ ಭಾಗದಲ್ಲಿ, ಅದನ್ನು ಬಿಗಿಯುವ ಕೀ ಬಿಟ್ಟು ಸ್ವಿಚ್ಚಿಗೆ ಕೈ ಹಾಕಿದೆ. ಮೈಸ್ಟರ್ ನನ್ನ ಕೈ ಹಿಡಿದರು, ಇಲ್ಲದಿದ್ದರೆ ಆ ಕೀ ಯಾರ ಮುಖಕ್ಕೆ ಹಾರುತ್ತಿತ್ತೋ. "ಆರು ವಾರ ಎಲ್ಲಿ ಕಲಿತೆ?" ಅಂತ ಕೇಳಿದರು. ನಾನು ನೆಲ ನೋಡಿದೆ. ಆಮೇಲೆ ಎರಡು ವಾರ ಕೈಗೆ ಅರ ಕೊಟ್ಟು ಕಬ್ಬಿಣದ ತುಂಡು ಉಜ್ಜಿಸಿದರು.

ಅದಾದರೂ ಮರೆಯಬಹುದು. ಮುಂದಿನ ಸೆಮಿಸ್ಟರಿನಲ್ಲಿ ಗೇರ್‌ಬಾಕ್ಸ್ ಡಿಸೈನ್ ಮಾಡಬೇಕಿತ್ತು. ಲೆಕ್ಕವೆಲ್ಲ ಸರಿ, ಬೇರಿಂಗಿನ ಆಯುಷ್ಯ ಸರಿ, ಟಾಲರೆನ್ಸ್ ಸರಿ. 6205 ನಂಬರಿನ ಬೇರಿಂಗ್, ಒಳವ್ಯಾಸ 25 ಮಿ.ಮೀ. ಅದು ಒರಗಿ ನಿಲ್ಲುವ ಶಾಫ್ಟಿನ ಮೆಟ್ಟಿಲನ್ನು ಮಾತ್ರ 40 ಮಿ.ಮೀ. ಇಟ್ಟಿದ್ದೆ, ಗಟ್ಟಿಯಾಗಿರಲಿ ಅಂತ. ಬೇರಿಂಗಿನ ಒಳಗಿನ ರಿಂಗು ಮೆಟ್ಟಿಲಿನ ಹಿಂದೆ ಪೂರ್ತಿ ಮರೆಯಾಯಿತು. ತಿದ್ದುವ ಅಸಿಸ್ಟೆಂಟ್ ಅಲ್ಲಿ ಕೆಂಪು ಸುತ್ತು ಹಾಕಿ ಕೇಳಿದ್ದು ಒಂದೇ ಮಾತು: ಬೇರಿಂಗ್ ಎಳೆದು ತೆಗೆಯುವ ಪುಲ್ಲರಿನ ಕಾಲು ಎಲ್ಲಿ ಸಿಕ್ಕಿಸುವುದು, ಬಿಚ್ಚುವುದು ಹೇಗೆ?

ಅಪ್ಪಚ್ಚಿ ಬೈಯುತ್ತಿದ್ದದ್ದು ನನ್ನನ್ನೇ ಅನ್ನಿಸಿತು. ಮೆಟ್ಟಿಲು ಒಳರಿಂಗಿಗಿಂತ ತಗ್ಗಿರಬೇಕು ಅನ್ನುವುದು ಪುಸ್ತಕದಲ್ಲೂ ಇದೆ, ಓದಿದ್ದೆ ಕೂಡ. ಒಂದೇ ಒಂದು ಬೇರಿಂಗ್ ಕೈಯಾರೆ ಕಿತ್ತಿದ್ದರೆ ಓದಬೇಕಾಗಿಯೇ ಇರಲಿಲ್ಲ. ಆ ರಾತ್ರಿ ಫೋನ್ ಮಾಡಿ ಅವರಿಗೆ ಹೇಳಬೇಕೆಂದಿದ್ದೆ. ನಾಚಿಕೆಯಾಗಿ ಬಿಟ್ಟೆ. ಎರಡು ವರ್ಷ ಕಳೆದು ಊರಿಗೆ ಹೋಗುವಾಗ ಅಪ್ಪಚ್ಚಿ ಇರಲಿಲ್ಲ, ಲೇತ್ ಗುಜರಿಗೆ ಹೋಗಿತ್ತು. ಮೂರು ಕಾಲಿನ ಪುಲ್ಲರ್ ಒಂದು ಚಿಕ್ಕಮ್ಮನ ಹತ್ತಿರ ಉಳಿದಿತ್ತು, ಕೇಳಿ ತಂದೆ. ನನ್ನ ಮೇಜಿನ ಮೇಲಿದೆ.

ನಿನ್ನ ಊರಲ್ಲಿ ಯಾವುದಾದರೂ ಲೇತ್ ಶೆಡ್ ಇದ್ದೇ ಇರುತ್ತದೆ, ವಿಚಾರಿಸು. ಅಲ್ಲಿಯ ಕೆಲಸ ಲೆಕ್ಕಕ್ಕೆ ಬರುತ್ತದೋ ಅಂತ ಯುನಿವರ್ಸಿಟಿಗೆ ಮೊದಲೇ ಬರೆದು ಕೇಳು. ಬರುವುದಿಲ್ಲ ಅಂದರೂ ಆರು ವಾರ ಹೋಗು, ಸಂಬಳ ಕೇಳಬೇಡ. ಉದ್ದ ತೋಳಿನ ಅಂಗಿ ಬೇಡ. ಚಪ್ಪಲಿಯೂ ಬೇಡ, ಶೂ ಹಾಕು. ಟೂಲಿನಿಂದ ಬೀಳುವ ಕಾದ ಚೂರು ಕಾಲಿಗೆ ತಾಗಿದರೆ ಬೊಬ್ಬೆ ಬರುತ್ತದೆ.