ಸುಡದ ಮಣ್ಣಿನ ಕೃತಿಯನ್ನು ಸೆರಾಮಿಕ್ ಕಲೆ ಎನ್ನಬಹುದೇ?

ಒಮ್ಮೆಯೂ ಸುಡದೆ, ಪ್ರದರ್ಶನ ಮುಗಿಯುವಷ್ಟರಲ್ಲಿ ನೀರಿನಲ್ಲಿ ಕರಗಿಹೋಗುವ ಮಣ್ಣಿನ ಕೃತಿಯನ್ನು ಸೆರಾಮಿಕ್ ಕಲೆಗೆ, ಅಂದರೆ ಮಣ್ಣನ್ನು ಸುಟ್ಟು ಗಟ್ಟಿಗೊಳಿಸುವ ಕಲೆಗೆ, ಸೇರಿಸುವುದು ಸರಿಯೇ, ಅದರಲ್ಲಿ ಕೌಶಲವೇನಿದೆ ಎಂದು ಕೇಳಿದ್ದೀರಿ. ವಸ್ತುವಿಜ್ಞಾನದ ಪ್ರಕಾರ ಅದು ಸೆರಾಮಿಕ್ ಅಲ್ಲ. ಜೇಡಿಮಣ್ಣಿನ ರಚನೆಯೊಳಗೆ ಬೆಸೆದುಕೊಂಡಿರುವ ನೀರು ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹೊರಟುಹೋಗುತ್ತದೆ. ಆ ಬಳಿಕ ಅದನ್ನು ನೆನೆಸಿ ಮತ್ತೆ ಮಣ್ಣಾಗಿಸಲು ಬರುವುದಿಲ್ಲ. ಇಂಥ ಕೃತಿ ಮಾಡುವ ಕಲಾವಿದರು ಬೇಕೆಂದೇ ಆ ಗಡಿಯ ಈಚೆಗೆ ನಿಲ್ಲುತ್ತಾರೆ, ಮತ್ತು ಹಾಗೆ ನಿಲ್ಲುವುದಕ್ಕೂ ಮಣ್ಣಿನ ಆಳವಾದ ತಿಳಿವಳಿಕೆ ಬೇಕೆಂಬ ಕಾರಣಕ್ಕೇ ನಾನು ಅವರನ್ನು ಈ ಕಲೆಯಿಂದ ಹೊರಗಿಡಲು ಒಪ್ಪುವುದಿಲ್ಲ.

ಬ್ರಿಟನ್ನಿನ ಫೀಬಿ ಕಮಿಂಗ್ಸ್ 2017ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಸುಡದ ಮಣ್ಣಿನಿಂದ ಕಾರಂಜಿಯೊಂದನ್ನು ಕಟ್ಟಿ, ಅದರ ನೀರಿನಿಂದಲೇ ಅದು ಸವೆಯುವಂತೆ ಮಾಡಿದರು. ಮೊದಲ ‘ವುಮನ್ಸ್ ಅವರ್ ಕ್ರಾಫ್ಟ್ ಪ್ರೈಜ್’ ಎಂಬ ಕರಕುಶಲ ಪ್ರಶಸ್ತಿ ಅವರಿಗೆ ಸಂದಿತು. ದಕ್ಷಿಣ ಕೊರಿಯಾದ ಜೂರೀ ಕಿಮ್ ಹಳೆಯ ಬಡಾವಣೆಗಳ ಮನೆಗಳನ್ನು ಕಿಟಕಿ, ಹೆಂಚುಗಳ ಸಮೇತ ಮಣ್ಣಿನಲ್ಲಿ ರಚಿಸಿ, ಬುಡಕ್ಕೆ ನೀರು ಬಿಡುತ್ತಾರೆ. ಗೋಡೆಗಳು ಕೆಳಗಿನಿಂದ ನೆನೆದು ಕುಸಿಯುತ್ತವೆ.

ಈ ಕುಸಿತ ಹೇಗಾದರೂ ಆಗುವಂಥದ್ದಲ್ಲ. ಪೂರ್ತಿ ಒಣಗಿದ ಮಣ್ಣು ಹಸಿಮಣ್ಣಿಗಿಂತ ಬಹಳ ಬೇಗ ನೀರಿನಲ್ಲಿ ಒಡೆಯುತ್ತದೆ, ಏಕೆಂದರೆ ನೀರು ಸೂಕ್ಷ್ಮ ರಂಧ್ರಗಳೊಳಗೆ ನುಗ್ಗಿ ಅಲ್ಲಿನ ಗಾಳಿಯನ್ನು ಒತ್ತಿ ಪದರಗಳನ್ನು ಬಿಡಿಸುತ್ತದೆ. ತೇವ ಉಳಿದಿರುವ ಮಣ್ಣಿನಲ್ಲಿ ಆ ರಂಧ್ರಗಳು ಮೊದಲೇ ತುಂಬಿರುವುದರಿಂದ ಅದು ಹೆಚ್ಚು ಕಾಲ ತಾಳುತ್ತದೆ. ಗೋಡೆಯ ದಪ್ಪವೆಷ್ಟು, ಎಷ್ಟು ಒಣಗಿರಬೇಕು, ನೀರು ಎಲ್ಲಿಂದ ಎಷ್ಟು ಬರಬೇಕು ಎಂಬುದನ್ನೆಲ್ಲ ಕಲಾವಿದರು ಮೊದಲೇ ನಿರ್ಧರಿಸಬೇಕು. ಇಲ್ಲಿ ಕೌಶಲವು ಆಕಾರದಷ್ಟೇ ಬದಲಾವಣೆಯ ಗತಿಯಲ್ಲೂ ಇದೆ. ಮಣ್ಣನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುವ ನನಗೆ ಎರಡನೆಯದೇ ಹೆಚ್ಚು ಕಷ್ಟವೆನಿಸುತ್ತದೆ.

ಸುಟ್ಟ ಮೇಲೂ ಬದಲಾವಣೆ ಸಾಧ್ಯ. ಬ್ರಿಟನ್ನಿನ ಕಲಾವಿದೆ ಕ್ಲೇರ್ ಟ್ವೊಮಿ 2000ರ ದಶಕದ ಆರಂಭದಲ್ಲಿ ಕಡಿಮೆ ಶಾಖದಲ್ಲಿ ಸುಟ್ಟ ಬೋನ್ ಚೈನಾ (ಮೂಳೆಯ ಬೂದಿ ಬೆರೆಸಿದ ಪಿಂಗಾಣಿ) ಬಿಲ್ಲೆಗಳನ್ನು ನೆಲಕ್ಕೆ ಹಾಸಿದ್ದರು. ನೋಡುಗರು ನಡೆದಂತೆ ಅವು ಪಾದದಡಿ ಪುಡಿಯಾದವು. ಇನ್ನು ಸಾಮಾನ್ಯ ಪಾತ್ರೆಯೂ ಸುಮ್ಮನಿರುವುದಿಲ್ಲ: ರಂಧ್ರಗಳುಳ್ಳ ಒಡಲು ಗಾಳಿಯ ತೇವವನ್ನು ಹೀರಿ ಕೊಂಚ ಹಿಗ್ಗಿದಾಗ, ಮೇಲಿನ ಗ್ಲೇಜ್, ಅಂದರೆ ಗಾಜಿನಂಥ ಲೇಪ, ತಿಂಗಳುಗಳ ನಂತರವೂ ಕೂದಲೆಳೆಯಂಥ ಬಿರುಕು ಬಿಡಬಹುದು.

ಇಂಥ ಕೃತಿಗಳ ಪರಿಚಯ ನಮಗೆ ಹೆಚ್ಚಾಗಿ ಆಗುವುದು ವಿಡಿಯೊಗಳಿಂದ. ವೇಗ ಹೆಚ್ಚಿಸಿದ ದೃಶ್ಯದಲ್ಲಿ ಕಲಾವಿದರು ಲೆಕ್ಕಹಾಕಿದ ಗತಿಯೇ ಕಾಣೆಯಾಗುವುದರಿಂದ, ಸಾಧ್ಯವಾದರೆ ಒಂದೇ ಪ್ರದರ್ಶನಕ್ಕೆ ಕೆಲವು ದಿನಗಳ ಅಂತರದಲ್ಲಿ ಎರಡು ಸಲ ಹೋಗಿ ನೋಡಿ.