ಸಿಐಡಿ ಧಾರಾವಾಹಿ ನೋಡಿ ಅಪ್ಪ ಅಳ್ತಾರೆ, ಅದು ಬರೀ ನಟನೆ ಅಂತ ಹೇಗೆ ಅರ್ಥ ಮಾಡಿಸಲಿ?

ಅರ್ಥ ಮಾಡಿಸೋಕೆ ಹೋಗಬೇಡಿ. 2025ರ ಏಪ್ರಿಲ್‌ನಲ್ಲಿ ಸಿಐಡಿ ತಂಡದ ಮುಖ್ಯಸ್ಥ ಎಸಿಪಿ ಪ್ರದ್ಯುಮ್ನ ಬಾಂಬ್ ಸ್ಫೋಟದಲ್ಲಿ ಸತ್ತ ಕಂತು ನೋಡಿದಾಗಿನಿಂದ ನಿಮ್ಮಪ್ಪ ಸಪ್ಪಗಿದ್ದಾರೆ ಅಂದಿದ್ದೀರಿ. ಅದು ನಟನೆ ಅಂತ ಅವರಿಗೆ ಗೊತ್ತು. ನನ್ನ ಅಪ್ಪಯ್ಯನಿಗೂ ಗೊತ್ತಿತ್ತು.

ನಮ್ಮದು ಕುಂದಾಪುರದ ಹತ್ತಿರ. ಅಪ್ಪಯ್ಯ ಪಿಗ್ಮಿ ಕಲೆಕ್ಷನ್ ಮಾಡುತ್ತಿದ್ದರು. ದಿನವಿಡೀ ಅಂಗಡಿ ಅಂಗಡಿ ತಿರುಗಿ ಬಂದು, ಮಿಂದು, ಉಂಡು, ಸೋನಿ ಟಿವಿ ಹಾಕುತ್ತಿದ್ದರು. ಹಿಂದಿ ಅರ್ಧಂಬರ್ಧ ತಿಳಿಯುತ್ತಿತ್ತು. ಬಾಗಿಲು ಒಡೆಯುವ ದಯಾ, ಅಂದ್ರೆ ಆ ಪಾತ್ರದ ನಟ ದಯಾನಂದ ಶೆಟ್ಟಿ, ಮೂಲದಲ್ಲಿ ನಮ್ಮ ಉಡುಪಿ ಕಡೆಯವರು ಅಲ್ವಾ? ಅವರು ಬಾಗಿಲ ಎದುರು ನಿಂತರೆ ಸಾಕು, ಅಪ್ಪಯ್ಯ ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಿದ್ದರು.

2009ರಲ್ಲಿ ಅಣ್ಣ ಆ ಪಿಗ್ಮಿ ದುಡ್ಡಿಗೆ ಕೈ ಹಾಕಿದ. 18 ಸಾವಿರ. ಅಮ್ಮನ ಸರ ಅಡವಿಟ್ಟು ಕಟ್ಟಿದೆವು. ಅಪ್ಪಯ್ಯ ಅವನನ್ನು ಮನೆಯಿಂದ ಹೊರಗೆ ಹಾಕಿದರು. ಅವನು ಮುಂಬೈಗೆ ಹೋಗಿ ಹೋಟೆಲ್ ಕೆಲಸಕ್ಕೆ ಸೇರಿದ. ಮನೆಯಲ್ಲಿ ಅವನ ಹೆಸರು ಎತ್ತುವ ಹಾಗಿರಲಿಲ್ಲ.

ಮರುವರ್ಷ ಮಳೆಗಾಲದಲ್ಲಿ ಒಂದು ರಾತ್ರಿ ಹಳೇ ಕಂತು ಬಂತು. ಎಸಿಪಿಯ ಸ್ವಂತ ಮಗ ನಕುಲ್ ಅಡ್ಡದಾರಿ ಹಿಡಿದಿರುತ್ತಾನೆ. ಅಪ್ಪನೇ ಅವನ ಮೇಲೆ ಗುಂಡು ಹಾರಿಸಬೇಕಾಗುತ್ತದೆ. ತಿರುಗಿ ನೋಡಿದರೆ ಅಪ್ಪಯ್ಯ ಬೈರಾಸಿನ ತುದಿ ಬಾಯಿಗೆ ಒತ್ತಿಕೊಂಡು ಕೂತಿದ್ದಾರೆ. ಭುಜ ಅಲುಗುತ್ತಿದೆ. "ಮಗಾ, ಅವ ಈಗ..." ಅಂದರು.

"ಇದು ನಾಟಕ ಅಪ್ಪಯ್ಯ. ಆ ಹುಡುಗ ಎಲ್ಲೋ ಆರಾಮಾಗಿ ಇರ್ತಾನೆ" ಅಂದೆ. ರಿಮೋಟ್ ತಗೊಂಡು ಚಾನೆಲ್ ಬದಲಿಸಿದೆ.

ನಾನು ಒಳ್ಳೆಯದಕ್ಕೇ ಹೇಳಿದ್ದು. "ಅವ" ಅಂದರೆ ನಕುಲ್ ಅಂದುಕೊಂಡೆ. ಒಂದು ವರ್ಷದಿಂದ ಅಪ್ಪಯ್ಯನ ಬಾಯಲ್ಲಿ ಅಣ್ಣನ ಸುದ್ದಿಯೇ ಇರಲಿಲ್ಲ, ಅದಕ್ಕೇ ಹೊಳೆಯಲಿಲ್ಲ. ಒಂದು ನಿಮಿಷ ಸುಮ್ನೆ ಕೂತಿದ್ದರೆ ಆ ಮಾತು ಪೂರ್ತಿಯಾಗುತ್ತಿತ್ತು. ರಿಮೋಟ್ ಮುಟ್ಟದೇ ಇದ್ದಿದ್ದರೂ ಸಾಕಿತ್ತು. ಅಣ್ಣ ಪ್ರತಿ ಭಾನುವಾರ ಕದ್ದು ನನಗೆ ಫೋನ್ ಮಾಡುತ್ತಿದ್ದ. ಅವನ ನಂಬರ್ ನನ್ನ ಜೇಬಿನಲ್ಲೇ ಇತ್ತು. ಆ ರಾತ್ರಿಯೇ ಫೋನ್ ಹಚ್ಚಿ ಅಪ್ಪಯ್ಯನ ಕೈಗೆ ಕೊಡಬಹುದಿತ್ತು.

"ಹೂಂ, ನಾಟಕವೇ" ಅಂದು ಅಪ್ಪಯ್ಯ ಎದ್ದು ಹೋದರು. ಮತ್ತೆಂದೂ ಆ ಮಾತು ತೆಗೆಯಲಿಲ್ಲ. 2012ರಲ್ಲಿ ಹಾರ್ಟ್ ಅಟ್ಯಾಕ್ ಆಯಿತು. ಅಣ್ಣ ರಾತ್ರಿ ಬಸ್ಸಿನಲ್ಲಿ ಬಂದು ಇಳಿಯುವಷ್ಟರಲ್ಲಿ ಅಂಗಳದಲ್ಲಿ ಮಲಗಿಸಿಯಾಗಿತ್ತು.

ಟಿವಿ ಕಡಿಮೆ ಮಾಡಿಸಲಾ ಅಂತ ಕೇಳಿದ್ದೀರಿ. ಟಿವಿ ತಂಟೆಗೆ ಹೋಗಬೇಡಿ. ಎಸಿಪಿ ಆಮೇಲೆ ವಾಪಸ್ ಬಂದರು ಅಂತ ತೋರಿಸಿದರೂ ಅವರಿಗೆ ಸಮಾಧಾನ ಆಗಲಿಲ್ಲ ಅಂದಿರಲ್ಲ, ಹಾಗಾದ್ರೆ ಅವರ ದುಃಖ ಬೇರೆ ಯಾರದೋ. ಊಟ ನಿದ್ದೆ ಬಿಟ್ಟಿದ್ದರೆ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ, ಅದು ಬೇರೆ ವಿಷಯ. ಆದರೆ ಇವತ್ತು ರಾತ್ರಿ ಪಕ್ಕದಲ್ಲಿ ಕೂತು ಆ ಕಂತನ್ನೇ ಇನ್ನೊಂದು ಸಲ ಹಾಕಿ. ಫೋನ್ ಒಳಗಿಟ್ಟು ಬನ್ನಿ. "ಯಾರ ನೆನಪಾಯ್ತು ಅಪ್ಪಾ?" ಅಂತ ಕೇಳಿ. ಅವರು ಹೇಳೋಕೆ ಶುರು ಮಾಡಿ ನಡುವೆ ನಿಂತರೆ, ನೀವು ಬಾಯಿ ಹಾಕಬೇಡಿ. ಕಾಯಿರಿ.