ಕೋಲಾರದಲ್ಲಿದ್ದುಕೊಂಡು ಆರೋಗ್ಯಕ್ಕೆ ಕಿನೋವಾ, ಚಿಯಾ ತರದ ಹೊರದೇಶದಿಂದ ಬಂದ ಕಾಳುಗಳನ್ನೇ ತಿನ್ನಲೇಬೇಕಾ?

ಬೇಕಿಲ್ಲ. ತಿಂದರೆ ತಪ್ಪೇನಿಲ್ಲ, ಖರ್ಚು ಜಾಸ್ತಿ ಅಷ್ಟೇ.

ನಮ್ಮ ಕಡೆ ದಿನಾ ತಿನ್ನೋ ರಾಗಿಯನ್ನೇ ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಇದರ ಹತ್ತಿರಕ್ಕೂ ಬರಲ್ಲ. ಆದರೆ ಅದರಲ್ಲೇ ಇರೋ ಫೈಟೇಟ್ ಅನ್ನೋ ಅಂಶ ಕ್ಯಾಲ್ಸಿಯಂ, ಕಬ್ಬಿಣ ಎರಡನ್ನೂ ಹಿಡಿದಿಟ್ಟುಕೊಳ್ಳುತ್ತೆ, ಪೂರ್ತಿ ಮೈಗೆ ಹತ್ತಲ್ಲ. ರಾಗಿಯನ್ನು ರಾತ್ರಿಯೆಲ್ಲಾ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿದು ಹಿಟ್ಟು ಮಾಡಿಸಿದರೆ ಈ ತೊಂದರೆ ಸಾಕಷ್ಟು ಕಡಿಮೆಯಾಗುತ್ತೆ. ಮಕ್ಕಳಿಗೆ ತಿನ್ನಿಸೋ ‘ರಾಗಿ ಸರಿ’ (ಗಂಜಿ) ಮಾಡೋದು ಹೀಗೇ ಅಲ್ವಾ?

ರಾಗಿಯಲ್ಲಿ ಪ್ರೋಟೀನ್ ಕಡಿಮೆ, 100 ಗ್ರಾಂಗೆ 7 ಗ್ರಾಂ ಆಸುಪಾಸು. ಹಾಗಾಗಿ ಮುದ್ದೆ ಜೊತೆ ಸುಮ್ನೆ ತಿಳಿಸಾರು ಸಾಲದು. ಹುರುಳಿಕಾಳಿನ ಬಸ್ಸಾರು, ಚಳಿಗಾಲದಲ್ಲಿ ಅವರೆಕಾಳು ಸಾರು, ಬೇಳೆ ಹಾಕಿದ ನುಗ್ಗೆಸೊಪ್ಪಿನ ಪಲ್ಯ, ಹೀಗೆ ಏನಾದರೂ ಇರಬೇಕು. ಸೊಪ್ಪಿಗೆ ನಿಂಬೆಹಣ್ಣು ಹಿಂಡಿ, ಅದರ ವಿಟಮಿನ್ ಸಿಯಿಂದ ಕಬ್ಬಿಣ ಚೆನ್ನಾಗಿ ಹೀರಿಕೊಳ್ಳುತ್ತೆ. ಊಟ ಆದ ತಕ್ಷಣ ಟೀ ಕುಡಿದರೆ ಇದಕ್ಕೆ ಉಲ್ಟಾ.

ಸಕ್ಕರೆ ಕಾಯಿಲೆ ಇರೋರು, ರಾಗಿ ತಾನೇ ಅಂತ ಎರಡು ದಪ್ಪ ಮುದ್ದೆ ಇಳಿಸಬೇಡಿ. ಅದೂ ಪಿಷ್ಟವೇ. ಮುದ್ದೆ ಚಿಕ್ಕದಿರಲಿ, ಸೊಪ್ಪು ಕಾಳು ಜಾಸ್ತಿ ಇರಲಿ.